ಚಿಗರಿ ಹತ್ತಿದ ರೊಟ್ಟಿಬುಟ್ಟಿ

ಹುಬ್ಬಳ್ಳಿಯ ಉಣಕಲ್ ಕೆರೆಯ ಹಿಂದಿನ ಓಣಿಯಲ್ಲಿ ಬೆಳಗಾಗುತ್ತಲೇ ರೊಟ್ಟಿ ಬಡಿಯುವ ಸಪ್ಪಳ ಕೇಳಿಸಿದರೆ ಅದು ರತ್ನವ್ವನ ಮನೆ. ಬೆಂದ ರೊಟ್ಟಿಗಳನ್ನು ಆಕೆ ಬಿದಿರಿನ ಬುಟ್ಟಿಯಲ್ಲಿ ಜೋಡಿಸಿ, ಬಿಳಿ ಅರಿವೆಯಲ್ಲಿ ಕಟ್ಟಿ, ಕಮರುದ್ದೀನನ ಆಟೋದಲ್ಲಿ ವಿದ್ಯಾನಗರದ ಶಾಂತಯ್ಯನವರ ಖಾನಾವಳಿಗೆ ಒಯ್ಯುತ್ತಾಳೆ. ಮಗಳು ಸೌಮ್ಯಾ ಓದಿ ಸಾಲಿ ಟೀಚರಾದದ್ದು ಈ ರೊಟ್ಟಿಯ ಮೇಲೆಯೇ.

ಆಕೆ ಕಟ್ಟುವ ಗಂಟು ಮೊಲದ ಕಿವಿಯ ಹಾಗೆ ನೆಟ್ಟಗೆ ನಿಂತಿರುತ್ತದೆ. ಅದು ತವರಿನ ಗಂಟು. ಉಪ್ಪಿನಬೆಟಗೇರಿಯಲ್ಲಿ ಆಕೆ ಹುಡುಗಿಯಾಗಿದ್ದಾಗ ಅಣ್ಣ ಮಾಳಮಡ್ಡಿಯಲ್ಲಿ ರೂಮು ಮಾಡಿಕೊಂಡು ಓದುತ್ತಿದ್ದ. ಅವ್ವ ಕಟ್ಟಿಕೊಟ್ಟ ಬುತ್ತಿಯನ್ನು ಓಡುತ್ತ ಒಯ್ದು ಬಸ್ಸಿಗೆ ಕೊಡುವುದು ರತ್ನವ್ವನ ಕೆಲಸ. ಕಂಡಕ್ಟರ್ ಎಲ್ಲ ಮನೆಗಳ ಬುತ್ತಿಯನ್ನೂ ಡ್ರೈವರನ ಹಿಂದೆ ಸಾಲಾಗಿ ಇಡುತ್ತಿದ್ದ. ಧಾರವಾಡದಲ್ಲಿ ಹುಡುಗರು ಗಂಟು ನೋಡಿ ತಮ್ಮ ತಮ್ಮ ಬುತ್ತಿ ಎತ್ತಿಕೊಳ್ಳುತ್ತಿದ್ದರು. ಒಂದು ದಿನವೂ ಅದಲುಬದಲಾಗಲಿಲ್ಲ. ಬಸ್ಸಿಗೆ ಕೊಟ್ಟ ಬುತ್ತಿ ಮುಟ್ಟಿಯೇ ಮುಟ್ಟುತ್ತದೆ ಎಂಬ ನಂಬಿಕೆ ಆಗಿನಿಂದ ರತ್ನವ್ವನ ಕೈಯಲ್ಲೇ ಕುಳಿತುಬಿಟ್ಟಿದೆ.

ಮದುವೆಯಾಗಿ ಉಣಕಲ್ಲಿಗೆ ಬಂದಾಗ ಕೆರೆಯಲ್ಲಿ ಎಮ್ಮೆಗಳು ಮೀಯುತ್ತಿದ್ದವು. ಈಗ ದಂಡೆಯನ್ನು ಹೊಸದಾಗಿ ಮಾಡುತ್ತಿದ್ದಾರೆ. ನಡೆಯಲು ಕಲ್ಲುಹಾಸು, ಬಣ್ಣದ ದೀಪ, ದೋಣಿ, ಗಿರಮಿಟ್ಟಿನ ತಿಂಡಿಗಾಡಿಗಳು. ಸಂಜೆ ಅಲ್ಲಿ ಅಡ್ಡಾಡುವುದೆಂದರೆ ರತ್ನವ್ವನಿಗೂ ಇಷ್ಟ. ತೊಂದರೆ ರಸ್ತೆಯದು. ಅರ್ಧ ರಸ್ತೆಯನ್ನು ಅಗೆದಿದ್ದಾರೆ, ಉಳಿದರ್ಧದಲ್ಲಿ ಕೆರೆ ನೋಡಲು ಬಂದವರ ಕಾರುಗಳು ನಿಲ್ಲುತ್ತವೆ. ನಡುವೆ ಸಿಕ್ಕ ಆಟೋ ಗೂಟಕ್ಕೆ ಕಟ್ಟಿದ ಎತ್ತಿನಂತೆ ನಿಂತಲ್ಲೇ ನಿಂತಿರುತ್ತದೆ.

ಹೋದ ವಾರ ಎರಡು ಸಲ ರೊಟ್ಟಿ ಮುಟ್ಟುವಷ್ಟರಲ್ಲಿ ಗಿರಾಕಿಗಳು ಅನ್ನ ಉಂಡು ಎದ್ದಿದ್ದರು. ಶಾಂತಯ್ಯನವರು ಕೂಗಾಡುವ ಮನುಷ್ಯರಲ್ಲ. ವಿಭೂತಿ ಹಚ್ಚಿದ ಹಣೆಯನ್ನು ತಿಕ್ಕಿಕೊಳ್ಳುತ್ತ ಹೇಳಿದರು: "ನೋಡ ರತ್ನವ್ವ, ಸೋಮವಾರ ನಮ್ಮಲ್ಲೊಂದು ಕುಬಸದ ಊಟ ಐತಿ. ಬಸುರಿ ಹೆಣ್ಣಮಗಳು ಬಿಸಿ ರೊಟ್ಟಿ ಬೇಕು ಅಂದಾಳ. ಅವತ್ತೂ ತಡಾ ಆತಂದ್ರ ನಾ ಮಷಿನ್ ರೊಟ್ಟಿ ತರಸಾಂವ. ಆಮ್ಯಾಲೆ ನೀ ಸಿಟ್ಟಾಗಬ್ಯಾಡ."

ಸೋಮವಾರ ಕಮರುದ್ದೀನನ ಆಟೋ ಕೆರೆಯ ಮಗ್ಗುಲಿಗೆ ಬಂದು ನಿಂತಿತು. ಮುಂದೆ ಟಿಪ್ಪರು, ಹಿಂದೆ ಶಾಲೆಯ ವ್ಯಾನು.

"ಕಮರಣ್ಣ, ಸ್ವಲ್ಪ ಮುಂದ ತಗೋ."

"ಎಲ್ಲಿಗೆ ತಗೊಳ್ಳಿ ಅಕ್ಕಾ, ಕೆರಿಯಾಗ? ದೋಣಿಗಿ ಗಾಲಿ ಹಚ್ಚಿದ್ರ ಇಷ್ಟೊತ್ತಿಗೆ ಮುಟ್ಟತಿದ್ವಿ."

ರಸ್ತೆಯ ನಡುವೆ, ಕಟಾಂಜನದ ಆಚೆ, ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸುಗಳ ದಾರಿ ಮಾತ್ರ ಖಾಲಿ ಇತ್ತು. ಒಂದು ಬಸ್ಸು ಸುಯ್ಯೆಂದು ಹೋಯಿತು. ರತ್ನವ್ವ ಬುಟ್ಟಿಯನ್ನು ಸೊಂಟಕ್ಕೆ ಆನಿಸಿಕೊಂಡು ಇಳಿದೇಬಿಟ್ಟಳು.

ನಿಲ್ದಾಣದಲ್ಲಿ ಚೀಟಿ ತೆಗೆಸಿ ಒಳಗೆ ಹೋಗುವುದಕ್ಕೂ ಬಸ್ಸು ಬಂದು ಬಾಗಿಲು ತೆರೆಯುವುದಕ್ಕೂ ಸರಿಹೋಯಿತು. ಊರ ಬಸ್ಸು ಹತ್ತುವಾಗ ಮೊದಲು ಬುತ್ತಿ, ಆಮೇಲೆ ಮನುಷ್ಯರು. "ಹಿಡೀರ್ರಿ ಯವ್ವಾ" ಎಂದು ಆಕೆ ಬುಟ್ಟಿಯನ್ನು ಒಳಗಿನವರ ಕೈಗೆ ಕೊಟ್ಟಳು, ಸೆರಗು ಸಿಗಿಸಿಕೊಂಡು ಕಾಲೆತ್ತಿದಳು. ಬಾಗಿಲು ತಾನಾಗಿ ಮುಚ್ಚಿಕೊಂಡಿತು. ಬಸ್ಸು ಹೊರಟಿತು.

"ಶಾಂತಯ್ಯನವರ ಖಾನಾವಳಿ! ವಿದ್ಯಾನಗರ!" ಎಂದು ಗಾಜು ಬಡಿಯುತ್ತ ನಾಲ್ಕು ಹೆಜ್ಜೆ ಓಡಿದಳು. ಒಳಗೆ ಕೊರಳಲ್ಲಿ ಕಾಲೇಜಿನ ಕಾರ್ಡು ಹಾಕಿಕೊಂಡ ಹುಡುಗಿಯೊಬ್ಬಳು ಕೈ ಎತ್ತಿದಳು. ತಿಳಿದು ಎತ್ತಿದಳೋ, ಸುಮ್ಮನೆ ಎತ್ತಿದಳೋ.

ನಿಲ್ದಾಣದ ಕಾವಲುಗಾರ ನೀಲಪ್ಪ ಓಡಿಬಂದ. "ಯಕ್ಕಾ, ಅದು ಧಾರವಾಡಕ್ಕ ಹೋಗೂ ಬಸ್ಸು. ಹುಬ್ಬಳ್ಳಿದು ಈಚಿ ಕಡೆ ಬರತೈತಿ."

"ಕಂಡಕ್ಟರಗ ಫೋನ್ ಹಚ್ಚಪಾ."

"ಇದಕ್ಕ ಕಂಡಕ್ಟರೇ ಇಲ್ಲ."

"ಕಂಡಕ್ಟರ ಇಲ್ಲಂದ್ರ ಬುತ್ತಿ ಯಾರು ನೋಡ್ಕೋತಾರ?"

"ಬುತ್ತಿ ಕಳಿಸೂ ಬಸ್ಸಲ್ಲಬೇ ಇದು" ಎಂದ ನೀಲಪ್ಪ. ಆಕೆಯ ಮುಖ ನೋಡಿ ದನಿ ತಗ್ಗಿಸಿದ. "ನೀವು ಹೋಗ್ರಿ. ಬಂದ್ರ ನಾ ಕಳಸ್ತೇನಿ."

ರತ್ನವ್ವ ಬರಿಗೈಯಲ್ಲಿ ಹುಬ್ಬಳ್ಳಿಯ ಚಿಗರಿ ಹತ್ತಿದಳು. ಕೆಳಗೆ ಕಮರುದ್ದೀನನ ಆಟೋ ಇನ್ನೂ ಟಿಪ್ಪರಿನ ಹಿಂದೆಯೇ ಇತ್ತು. ಆಕೆ ಗೆದ್ದಳೆಂದು ತಿಳಿದು ಅವನು ಖುಷಿಯಿಂದ ಕೈ ಬೀಸಿದ.

ಖಾನಾವಳಿಯ ಬಾಗಿಲಲ್ಲೇ ಶಾಂತಯ್ಯನವರು ನಿಂತಿದ್ದರು. "ಬುಟ್ಟಿ ಎಲ್ಲಿ?"

"ಧಾರವಾಡಕ್ಕ ಹೋತ್ರಿ ಅಯ್ಯನವರ."

"ಅಲ್ಲೇನು ಕೆಲಸಿತ್ತು ಅದಕ್ಕ?"

ಒಳಗೆ ಹಸಿರು ಸೀರೆಯುಟ್ಟ ಬಸುರಿ ಕುಳಿತಿದ್ದಳು. ಸುತ್ತಲಿನ ಹೆಂಗಸರ ಮುಂದೆ ಎಲೆ ಹಾಕಿಯಾಗಿತ್ತು. ಶಾಂತಯ್ಯನವರು ಪೂರಿ ಕರಿಯಲು ಹೇಳುವುದಕ್ಕೆ ತಿರುಗಿದರು. ರತ್ನವ್ವ ಅವರ ಮಾತಿಗೆ ಕಾಯಲಿಲ್ಲ. ನೇರ ಅಡುಗೆಮನೆಗೆ ಹೋಗಿ, ಎಸರಿಟ್ಟು, ಜೋಳದ ಹಿಟ್ಟು ನಾದಿ ಒಲೆಯ ಮುಂದೆ ಕುಳಿತಳು. ಮೊದಲ ರೊಟ್ಟಿ ಹೆಂಚಿನ ಮೇಲೆ ಉಬ್ಬಿತು. "ಇದು ಬಸುರಿಗಿ. ಉಳಿದವರು ಸ್ವಲ್ಪ ಶಾವಿಗಿ ಪಾಯಸ ಉಣ್ಣಲಿ" ಎಂದಳು. ಶಾಂತಯ್ಯನವರು ತಟ್ಟೆ ಹಿಡಿದು ಹೊರಗೆ ಹೋದರು. ಬಸುರಿ ಮುರಿದು ತಿಂದಳು, ಇನ್ನೊಂದು ಬೇಡಿದಳು.

ಆದರೆ ಎರಡು ಕೈ ಒಂದು ಪಂಕ್ತಿಗೆ ಎಲ್ಲಿ ಸಾಕಾದೀತು? ಪಾಯಸ ಮುಗಿಯಿತು, ಹೆಂಗಸರು ಅಡುಗೆಮನೆಯ ಕಡೆ ಕತ್ತು ತಿರುಗಿಸತೊಡಗಿದರು. ಅಷ್ಟರಲ್ಲಿ ಹೊರಗಿನಿಂದ ದನಿ ಬಂತು: "ಶಾಂತಯ್ಯನವರ ಖಾನಾವಳಿ ಇದ ಏನ್ರಿ?" ಗಾಜಿನಾಚೆ ಕೈ ಎತ್ತಿದ ಹುಡುಗಿ. ಕಾರ್ಡು ಕೊರಳಲ್ಲಿ, ಬುಟ್ಟಿ ತಲೆಯ ಮೇಲೆ.

ಹೆಸರು ಮಯೂರಿಯಂತೆ. ಯುನಿವರ್ಸಿಟಿಗೆ ಹೊರಟವಳು ಮುಂದಿನ ನಿಲ್ದಾಣದಲ್ಲಿ ಇಳಿದು, ಹುಬ್ಬಳ್ಳಿಯ ಬಸ್ಸು ಹಿಡಿದು ಬಂದಿದ್ದಳು.

"ನಿನ್ನ ಕ್ಲಾಸು?" ಎಂದಳು ರತ್ನವ್ವ.

"ಹೋತ್ರಿ. ನಮ್ಮವ್ವ ಅಮ್ಮಿನಬಾವಿಯಿಂದ ನನಗೂ ಹಿಂಗ ಬಸ್ಸಿನ್ಯಾಗ ಬುತ್ತಿ ಕಳಸ್ತಿದ್ಲು. ಬುತ್ತಿ ಬಿಟ್ಟು ಹ್ಯಾಂಗ ಹೋಗಲಿ?"

ರತ್ನವ್ವ ಬುಟ್ಟಿ ಮುಟ್ಟಿದಳು. ಇನ್ನೂ ಬೆಚ್ಚಗಿತ್ತು. ಆಮೇಲೆ ಹುಬ್ಬು ಗಂಟಿಕ್ಕಿದಳು. "ಈ ಗಂಟು ನಂದಲ್ಲ."

ಮಯೂರಿ ನಾಲಗೆ ಕಚ್ಚಿಕೊಂಡಳು. "ಬಸ್ಸಿನ್ಯಾಗ ಒಬ್ಬ ಅಜ್ಜಾರು ಬುಟ್ಟಿಯಾಗ ಏನೈತಿ ತೋರಸು ಅಂದ್ರು. ಬಿಚ್ಚಿದೆ. ಒಂದು ರೊಟ್ಟಿ ತಗೊಂಡ್ರು. ಬಾಜೂಕ ಕುಂತವರು ಅವರ ಮಾರಿ ನೋಡಿದ್ರು..."

"ನೀ?"

"ನಾ ಅರ್ಧ ಅಷ್ಟರೀ."

ಶಾಂತಯ್ಯನವರಿಗೂ ನಗು ತಡೆಯಲಿಲ್ಲ. ಪಂಕ್ತಿಗೆ ರೊಟ್ಟಿ ಬಡಿಸಿದ ಮೇಲೆ ಮಯೂರಿಯನ್ನೂ ಬಸುರಿಯ ಪಕ್ಕದಲ್ಲಿ ಕೂರಿಸಿ ಉಣಿಸಿದರು. ಮಷಿನ್ ರೊಟ್ಟಿಯ ಮಾತು ಅಲ್ಲಿಗೇ ನಿಂತಿತು. "ನಾಳಿಂದ ಚಿಗರಿಯಾಗ ಬಾ" ಎಂದರು. "ಬುಟ್ಟಿ ಅಷ್ಟ ಅಲ್ಲ, ನೀನೂ ಬಾ."

ಈಗ ರತ್ನವ್ವ ದಿನಾಲು ಚಿಗರಿಯಲ್ಲೇ ಹೋಗುತ್ತಾಳೆ. ಬಾಗಿಲು ತೆರೆದೊಡನೆ ಮೊದಲು ತಾನು ಕಾಲಿಡುತ್ತಾಳೆ, ಬುಟ್ಟಿ ಬೆನ್ನ ಹಿಂದೆ ಬರುತ್ತದೆ. "ಯಕ್ಕಾ, ಇದು ಹುಬ್ಬಳ್ಳಿದ, ಹತ್ತು" ಎಂದು ನೀಲಪ್ಪ ಕೇಳದಿದ್ದರೂ ಹೇಳುತ್ತಾನೆ. ಹತ್ತುವ ಮುಂಚೆ ಆಕೆ ಅವನ ಕೈಗೊಂದು ಸಣ್ಣ ಬುತ್ತಿ ಕೊಡುತ್ತಾಳೆ. ಧಾರವಾಡದ ಬಸ್ಸು ಬಂದು ಬಾಗಿಲು ತೆರೆದಾಗ, ಬುತ್ತಿ ಕಳಿಸುವ ಬಸ್ಸಲ್ಲ ಎಂದಿದ್ದ ಅದೇ ನೀಲಪ್ಪ, ಮೊಲದ ಕಿವಿಯ ಆ ಗಂಟನ್ನು ಹಿಡಿದು ಒಳಗಿರುವ ಮಯೂರಿಯ ಕೈಗೆ ದಾಟಿಸುತ್ತಾನೆ.