ಹೋಟೆಲ್ ಬೇಡ ಎಂದ ಪದ್ಮನಾಭ

ಅಮೆರಿಕಕ್ಕೆ ಬಂದು ಒಂಬತ್ತು ವರ್ಷವಾದರೂ ಪದ್ಮನಾಭನಿಗೆ ಹೊರಗಿನ ಊಟ ಒಗ್ಗಲೇ ಇಲ್ಲ. ಡೆಟ್ರಾಯಿಟ್ ಪಕ್ಕದ ಪ್ಲಿಮತ್‌ನಲ್ಲಿ ಮನೆ, ನಾಲ್ಕು ಮೈಲಿ ಆಚೆ ಆಫೀಸು. ಕಾರುಗಳ ಹೊಟ್ಟೆಯೊಳಗೆ ಓಡುವ ವೈರುಗಳ ಕಟ್ಟು ಹೇಗಿರಬೇಕೆಂದು ನಕ್ಷೆ ಹಾಕಿ, ಅದನ್ನು ಕಟ್ಟುವವರಿಗೆ ಕಲಿಸುವುದು ಅವನ ಕೆಲಸ. ಮಧ್ಯಾಹ್ನ ಎಲ್ಲರೂ ಹೊರಗೆ ತಿನ್ನಲು ಹೊರಟರೆ ಇವನು ಡಬ್ಬಿ ಬಿಚ್ಚಿ ಮೊಸರನ್ನ ಕಲಸುತ್ತಿದ್ದ. ಪರವೂರಿಗೆ ಹೊರಟನೆಂದರೆ ಸೂಟ್‌ಕೇಸಿನಲ್ಲಿ ಮೊದಲು ಕೂರುತ್ತಿದ್ದದ್ದು ಬಟ್ಟೆಯಲ್ಲ, ಯಾವ ದೇಶದ ಕರೆಂಟಿಗೂ ಒಗ್ಗುವ ಒಂದು ಪುಟ್ಟ ರೈಸ್ ಕುಕ್ಕರ್. "ನೀವು ತಾಳಿ ಕಟ್ಟಿದ್ದು ನನಗಾ, ಈ ಕುಕ್ಕರ್‌ಗಾ?" ಎಂದು ಹೆಂಡತಿ ವತ್ಸಲಾ ರೇಗಿಸುತ್ತಿದ್ದಳು.

ಅವನ ಬಾಯಲ್ಲಿ ಹೋಟೆಲ್ ಎಂದರೆ ಮೈಸೂರಿನಲ್ಲಿ ಹೇಗೋ ಹಾಗೆ, ತಿನ್ನುವ ಜಾಗ. ಮಲಗುವ ಜಾಗಕ್ಕೆ ಲಾಡ್ಜು. ಇಂಗ್ಲಿಷಿನಲ್ಲಿ ಅದು ಬೇರೆ ಎಂದು ತಿಳಿಯದ ದಡ್ಡನೇನಲ್ಲ. ಆದರೆ ಎದುರಿಗೆ ಕನ್ನಡದವರು ಸಿಕ್ಕರೆ ಸಾಕು, ತಿಳಿದದ್ದೆಲ್ಲ ಮರೆತುಹೋಗುತ್ತಿತ್ತು.

ಎರಡು ಸಾವಿರದ ಒಂಬತ್ತನೇ ಇಸವಿ, ಮಾರ್ಚ್ ತಿಂಗಳು. ಡೆಟ್ರಾಯಿಟ್ ಸುತ್ತಮುತ್ತ ಪ್ರತಿ ಶುಕ್ರವಾರ ಯಾರಾದರೊಬ್ಬರು ರಟ್ಟಿನ ಡಬ್ಬ ಎತ್ತಿಕೊಂಡು ಆಫೀಸಿನಿಂದ ಹೊರಬೀಳುತ್ತಿದ್ದ ಕಾಲ. ಪದ್ಮನಾಭನಿಗೆ ಗ್ರೀನ್ ಕಾರ್ಡ್ ಇನ್ನೂ ಬಂದಿರಲಿಲ್ಲ. ಕೆಲಸ ಹೋದರೆ ಅದರ ಹಿಂದೆಯೇ ವೀಸಾ ಹೋಗುತ್ತದೆ. ವೀಸಾ ಹೋದರೆ ಹತ್ತನೇ ಕ್ಲಾಸಿನ ಮಗಳು ನಿಹಾರಿಕಾಳನ್ನು ಶಾಲೆಯ ನಡುವಿನಿಂದ ಕಿತ್ತುಕೊಂಡು, ಅವಳಿಗೆ ನೆಂಟರಿಷ್ಟರಷ್ಟೇ ಗೊತ್ತಿರುವ ದೇಶಕ್ಕೆ ಹೊರಡಬೇಕು.

ಆಗ ಅದೇ ಕಂಪನಿಯ ಶಿಕಾಗೋ ಆಫೀಸಿನಿಂದ ಕೇಶವ್ ಫೋನ್ ಮಾಡಿದ. ಹುಬ್ಬಳ್ಳಿಯವನು, ವಯಸ್ಸಿನಲ್ಲಿ ಚಿಕ್ಕವನು, ಹುದ್ದೆಯಲ್ಲಿ ದೊಡ್ಡವನು. ಶಿಕಾಗೋ ಪಕ್ಕದ ವೆಸ್ಟ್‌ಮಂಟ್‌ನಲ್ಲಿ ಮೂರು ಕಾರಿನ ಗ್ಯಾರೇಜಿರುವ ಮನೆ. ವೈರು ಕಟ್ಟುವ ಕೆಲಸವೆಲ್ಲ ವಿಯೆಟ್ನಾಮಿನ ಸೈಗಾನ್ ನಗರಕ್ಕೆ ಹೋಗುತ್ತಿದೆ, ಮೂರು ವಾರ ಅಲ್ಲಿದ್ದು ಕಲಿಸಿ ಬರಬೇಕು ಎಂದ.

"ಪ್ಲಿಮತ್ ಆಫೀಸ್ ಏನಾರ ಆಗ್ಲಿ, ನಿಮ್ಮನ್ನ ಶಿಕಾಗೋದಾಗ ನಾ ತಗೋತೀನ್ರಿ. ನಮ್ಮ ಮಂದಿನ್ನ ನಾವ ನೋಡ್ಲಿಲ್ಲಂದ್ರ ಯಾರು ನೋಡ್ತಾರ?"

ತನ್ನ ಎಲೆಯಲ್ಲಿದ್ದ ಅನ್ನವನ್ನು ತಾನೇ ಎತ್ತಿ ಇನ್ನೊಬ್ಬರ ಎಲೆಗೆ ಬಡಿಸಿ ಬರುವ ಕೆಲಸ ಅದು. ಪದ್ಮನಾಭನಿಗೆ ಅಷ್ಟೂ ಅರ್ಥವಾಯಿತು. ಆದರೂ ಒಪ್ಪಿಕೊಂಡ. ಕೇಶವನ ಮಾತೊಂದನ್ನು ಬಿಟ್ಟರೆ ಹಿಡಿದುಕೊಳ್ಳಲು ಅವನಿಗೆ ಬೇರೇನಿತ್ತು?

ಟಿಕೆಟ್ ಮಾಡಿಸುವ ಹೆಂಗಸು ಅದೇ ಫೋನಿಗೆ ಬರುವ ಹೊತ್ತಿಗೆ ಇಬ್ಬರೂ ಊಟದ ವಿಷಯಕ್ಕೆ ಇಳಿದಿದ್ದರು. ಅವಳು, "ಹೋಟೆಲ್?" ಎಂದು ಕೇಳಿದಳು. ಕೇಶವ್ ನಗುತ್ತಾ, ಪದ್ಮನಾಭ ಯಾವ ಹೋಟೆಲಿಗೂ ಹೋಗುವವರಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿದ. ಇವನೂ ಹೆಮ್ಮೆಯಿಂದ, "ನೋ, ನೋ, ನೋ ಹೋಟೆಲ್. ಐ ಕ್ಯಾರಿ ಮೈ ಕುಕ್ಕರ್," ಎಂದು ಮುದ್ರೆ ಒತ್ತಿದ. ಅಲ್ಲಿ ಇವನಿಗೆ ನೆಂಟರ ಮನೆಯಿರಬೇಕು ಎಂದುಕೊಂಡ ಆಕೆ ತಂಗುವ ವ್ಯವಸ್ಥೆಯನ್ನೇ ಹೊಡೆದುಹಾಕಿದಳು.

ಸೈಗಾನ್‌ನಲ್ಲಿ ವಿಮಾನ ಇಳಿದು ಕಾಗದ ತೆಗೆದು ನೋಡಿದರೆ, ಬರುವ ವಿಮಾನ, ಹೋಗುವ ವಿಮಾನ, ನಡುವೆ ಏನೂ ಇಲ್ಲ. ಕೇಶವನಿಗೆ ಫೋನ್ ಮಾಡಿದ. ಅವನು ಬಿದ್ದು ಬಿದ್ದು ನಕ್ಕ.

"ಆಕಿ ಹಂಗ ತಿಳ್ಕೊಂಡ್ಳೇನ್ರಿ? ಈಗ ಮ್ಯಾಲಿನವ್ರು ಹೊಸಾ ಖರ್ಚಿಗೆ ಸಹಿ ಹಾಕಂಗಿಲ್ಲ. ಹೆಂಗರ ಅಡ್ಜಸ್ಟ್ ಮಾಡ್ಕೋರಿ."

ಫ್ಯಾಕ್ಟರಿ ಊರಿನ ಪಶ್ಚಿಮಕ್ಕಿತ್ತು. ಕೈಯಿಂದ ದುಡ್ಡು ಕೊಡಬೇಕಲ್ಲ, ಅಗ್ಗದ ಲಾಡ್ಜು ಬೇಕೆಂದಾಗ ಟ್ಯಾಕ್ಸಿಯವನು ಆ ದಿಕ್ಕಿನಲ್ಲೇ ಇದ್ದ ಚೋಲೋನ್ ಎಂಬ ಹಳೆಯ ಚೀನೀಯರ ಪೇಟೆಯಲ್ಲಿ ಇಳಿಸಿ ಹೋದ. ಸೆಖೆಯೋ ಸೆಖೆ. ಪ್ಲಿಮತ್‌ನಲ್ಲಿ ಹೊರಡುವಾಗ ಹಾಕಿಕೊಂಡಿದ್ದ ದಪ್ಪ ಜಾಕೆಟ್ ಕಂಕುಳಲ್ಲಿ, ಸೂಟ್‌ಕೇಸು ಕೈಯಲ್ಲಿ. ಒಂದು ಬೀದಿಯುದ್ದಕ್ಕೂ ಬೇರು, ತೊಗಟೆ, ಒಣಗಿದ ಅಣಬೆಗಳ ಮೂಟೆ. ಮೈಸೂರಿನ ಗ್ರಂಥಿಗೆ ಅಂಗಡಿಯದೇ ವಾಸನೆ. ಆ ವಾಸನೆಗೇ ಅವನ ಕಣ್ಣು ತುಂಬಿತು. ಹಾಳು ವಾಸನೆ, ಎಂದು ಬೈದುಕೊಂಡು ಮುಂದೆ ನಡೆದ.

ಮೊದಲು ಸಿಕ್ಕ ಲಾಡ್ಜಿನ ಹುಡುಗಿ ಎಷ್ಟು ಗಂಟೆಗಳ ಮಟ್ಟಿಗೆ ರೂಮು ಬೇಕೆಂದು ಬೆರಳು ಮಡಚಿ ಕೇಳಿದಳು. ಇವನು ಕ್ಯಾಲೆಂಡರ್ ತೋರಿಸಿ ಮೂರು ವಾರ ಎಂದ. ಅವಳು ಒಳಗಿನವರನ್ನೆಲ್ಲ ಕರೆದು ತೋರಿಸಿ ನಕ್ಕಳು. ಅದು ಯಾವ ಬಗೆಯ ಲಾಡ್ಜು ಎಂದು ಹೊಳೆದದ್ದೇ ಪದ್ಮನಾಭ ಕಾಲಿಗೆ ಬುದ್ಧಿ ಹೇಳಿದ. ಮುಂದಿನ ಎರಡು ಕಡೆಯೂ ಅದೇ ಕಥೆ.

ಕೊನೆಗೆ ಒಂದು ಗುಡಿಯ ಮೆಟ್ಟಿಲ ಮೇಲೆ ಕುಸಿದು ಕೂತ. ಒಳಗೆ ಮಾಡಿನಿಂದ ಚಕ್ಕುಲಿಯ ಹಾಗೆ ಸುತ್ತಿದ ದೊಡ್ಡ ದೊಡ್ಡ ಊದುಬತ್ತಿಗಳು ತೂಗಿ ಉರಿಯುತ್ತಿದ್ದವು. ಅಲ್ಲಿನ ಕಾವಲುಗಾರ ಮುದುಕನಿಗೆ ಅಲ್ಪಸ್ವಲ್ಪ ಇಂಗ್ಲಿಷ್ ಬರುತ್ತಿತ್ತು. ಇದು ಬರೀ ಗುಡಿಯಲ್ಲ ಎಂದ. ಹಿಂದಿನ ಕಾಲದಲ್ಲಿ ಚೀನಾದ ಒಂದು ಸೀಮೆಯಿಂದ ಬಂದವರು ಸೇರಿ ಕಟ್ಟಿಕೊಂಡ ಛತ್ರವೂ ಹೌದಂತೆ. ಅದೇ ಸೀಮೆಯ ಮಾತನಾಡುತ್ತ ಯಾರು ಹಡಗಿನಿಂದ ಇಳಿದು ಬಂದರೂ ಅವರಿಗೊಂದು ಚಾಪೆ, ಒಂದು ಬಟ್ಟಲು ಅನ್ನ. ಕುಲಗೋತ್ರ ಕೇಳುವಂತಿಲ್ಲ. ಈಗ ಆ ಪದ್ಧತಿ ಇಲ್ಲ ಎಂದೂ ಹೇಳಿದ. ಇವನ ಮುಖ ನೋಡಿ ಏನೆನ್ನಿಸಿತೋ, ಎದ್ದು ಗುಡಿಯ ಹಿಂದಿನ ಓಣಿಗೆ ಕರೆದುಕೊಂಡು ಹೋದ.

ಅಲ್ಲೊಬ್ಬಳು ಅಜ್ಜಿ. ಅಟ್ಟದ ಮೇಲೊಂದು ಕೋಣೆ ತೋರಿಸಿದಳು. ಅವಳಿಗೆ ಇಂಗ್ಲಿಷ್ ಇಲ್ಲ, ಇವನಿಗೆ ಅವಳ ಭಾಷೆ ಇಲ್ಲ. ಸೂಟ್‌ಕೇಸಿನಿಂದ ಕುಕ್ಕರ್ ಹೊರಬಂದದ್ದು ನೋಡಿ ಬೊಚ್ಚು ಬಾಯಿ ತೆರೆದು ನಕ್ಕಳು. ತನ್ನ ಫ್ಯಾನಿನ ಪ್ಲಗ್ ಕಿತ್ತು ಆ ಜಾಗದಲ್ಲಿ ಕುಕ್ಕರ್ ಸಿಕ್ಕಿಸಿಕೊಟ್ಟಳು. ಆ ಸೆಖೆಯಲ್ಲಿ ಅವಳು ಬೀಸಣಿಗೆ ಹಿಡಿದು ಕೂತಳು, ಇವನ ಅನ್ನ ಬೆಂದಿತು. ಮಾರನೆಯ ದಿನ ಇವನ ಪಾಸ್‌ಪೋರ್ಟ್ ಹಿಡಿದು ತಾನೇ ಪೊಲೀಸ್ ಠಾಣೆಗೆ ಹೋಗಿ, ಮನೆಯಲ್ಲಿ ಹೊರದೇಶದವನು ತಂಗಿದ್ದಾನೆಂದು ಹೆಸರು ಬರೆಸಿ ಬಂದಳು. ಮೂರು ವಾರ ಹಗಲೆಲ್ಲ ಪದ್ಮನಾಭ ಫ್ಯಾಕ್ಟರಿಯಲ್ಲಿ ತನಗೆ ಗೊತ್ತಿದ್ದುದನ್ನೆಲ್ಲ ಧಾರೆ ಎರೆದ. ಸಂಜೆ ಅಟ್ಟಕ್ಕೆ ಬಂದರೆ ಅಜ್ಜಿ ಇಟ್ಟುಹೋದ ಸೊಪ್ಪು, ತೋಫು ಕಾಯುತ್ತಿದ್ದವು.

ಫೋನಿನಲ್ಲಿ ವತ್ಸಲಾಗೆ ಆ ಛತ್ರದ ಕಥೆ ಹೇಳಿದ. "ನಮಗೂ ಒಬ್ಬ ಕೇಶವ್ ಇದಾನೆ ಬಿಡು," ಎಂದ.

ಅವನು ತಿರುಗಿ ಬಂದ ಎರಡನೇ ವಾರಕ್ಕೆ ಪ್ಲಿಮತ್ ಆಫೀಸಿಗೆ ಬೀಗ ಬಿತ್ತು. ಪದ್ಮನಾಭನೂ ರಟ್ಟಿನ ಡಬ್ಬ ಎತ್ತಿಕೊಂಡು ಬಂದ. ಉಳಿದವರಷ್ಟು ಅಳಲಿಲ್ಲ, ಶಿಕಾಗೋ ಇತ್ತಲ್ಲ. ಕೇಳಿದ್ದಕ್ಕೆ ಕೇಶವ್, "ಶುಕ್ರವಾರ ಬರ್ರಿ, ಕೂತು ಮಾತಾಡೂಣು," ಎಂದ. ವತ್ಸಲಾ ಗುರುವಾರವೆಲ್ಲ ಒಲೆಯ ಮುಂದೆ ನಿಂತು ಕೇಶವನ ಮನೆಗೆಂದು ಒಂದು ಡಬ್ಬಿ ತುಂಬ ಕೋಡುಬಳೆ ಕರಿದಳು.

ಇನ್ನೂರೈವತ್ತು ಮೈಲಿಯ ದಾರಿ. ಅರ್ಧ ದಾರಿಯಲ್ಲಿ ಕೇಶವನ ಫೋನ್ ಬಂತು.

"ನಿಮಗ ಹೋಟೆಲ್ ಬುಕ್ ಮಾಡೀನ್ರಿ. ಅಡ್ರೆಸ್ ಕಳಸ್ತೀನಿ."

ಊಟಕ್ಕೆ ಕರೆಯುತ್ತಿದ್ದಾನೆ ಎಂದುಕೊಂಡ ಪದ್ಮನಾಭ. ಕೆಲಸ ಕೊಡುವವನ ಮುಂದೆ ಮಡಿ ಮಾಡಬಾರದು, ಒಂದು ದಿನ ಹೊರಗೆ ತಿಂದರೆ ಪ್ರಾಣವೇನೂ ಹೋಗುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡ. ದಾರಿಯುದ್ದಕ್ಕೂ ಹೊಟ್ಟೆ ಖಾಲಿ ಇಟ್ಟುಕೊಂಡೇ ಡ್ರೈವ್ ಮಾಡಿದ.

ಅಡ್ರೆಸ್ಸು ಅವನನ್ನು ಕರೆದುಕೊಂಡು ಹೋಗಿ ನಿಲ್ಲಿಸಿದ್ದು ಹೆದ್ದಾರಿಯ ಎಕ್ಸಿಟ್ ಪಕ್ಕದ ಒಂದು ಲಾಡ್ಜಿನ ಮುಂದೆ. ಕೌಂಟರಿನಲ್ಲಿದ್ದವನು ಹೆಸರು ಕೇಳಿ ರೂಮಿನ ಕಾರ್ಡ್ ಕೈಗಿಟ್ಟ. ಪದ್ಮನಾಭ ಅಲ್ಲೇ ನಿಂತು ಕೇಶವನಿಗೆ ಫೋನ್ ಮಾಡಿದ.

"ಮನ್ಯಾಗ ಬೀಗರು ಬಂದಾರ್ರೀ, ಜಾಗಾ ಇಲ್ಲ," ಎಂದ ಕೇಶವ್. ಆಮೇಲೆ, "ಕೆಲಸದ್ದು ಫೋನ್‌ನ್ಯಾಗ ಹೇಳಬಾರದು ಅಂತಿದ್ದೆ. ಮ್ಯಾಲಿನವ್ರು ಎಲ್ಲಾ ಫ್ರೀಜ್ ಮಾಡ್ಯಾರ. ನನ್ನ ಕೈಯಾಗ ಏನೂ ಇಲ್ಲ. ಸೈಗಾನ್‌ನಾಗ ಕೆಲಸ ಭಾಳ ಚಲೋ ನಡದೈತಂತ್ರಿ, ಅಷ್ಟು ಚಲೋ ಕಲಿಸೀರಿ ನೀವು," ಎಂದ. ಮತ್ತೆ ನೆನಪಿಸಿಕೊಂಡು, "ಮುಂಜಾನೆ ಅಲ್ಲೇ ನಾಷ್ಟಾ ಫ್ರೀ ಐತಿ, ಬಿಡಬ್ಯಾಡ್ರಿ," ಎಂದ.

ಪದ್ಮನಾಭನಿಗೆ ಬೈಯಬೇಕೆನ್ನಿಸಿತು. ಒಂಬತ್ತು ವರ್ಷ ತಗ್ಗಿಸಿ ತಗ್ಗಿಸಿ ಅಭ್ಯಾಸವಾದ ದನಿ, "ಆಗ್ಲಿ ಕೇಶವ್, ಥ್ಯಾಂಕ್ಸ್," ಎಂದಿತು. ಆ ಥ್ಯಾಂಕ್ಸಿಗೆ ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು.

ರೂಮಿನಲ್ಲಿ ಕುಕ್ಕರ್ ತೆಗೆದು ಪ್ಲಗ್ ಹುಡುಕಿದ. ನಾಲ್ಕು ಇದ್ದವು. ಅವುಗಳ ಮೇಲೆಯೇ, ಕೋಣೆಯಲ್ಲಿ ಅಡುಗೆ ಮಾಡಕೂಡದು ಎಂಬ ಬೋರ್ಡು. ಕುಕ್ಕರನ್ನು ಮತ್ತೆ ಸೂಟ್‌ಕೇಸಿಗೆ ಹಾಕಿ ಮಂಚದ ಮೇಲೆ ಕೂತ. ಹೊರಗೆ ಇನ್ನೂ ಬಿಸಿಲಿತ್ತು. ಫೋನ್ ಬಂತು, ವತ್ಸಲಾ.

"ತಲುಪಿದ್ರಾ? ಕೇಶವ್ ಮನೇಲಿದೀರಾ?"

"ಇಲ್ಲ, ಹೋಟೆಲ್ ಬುಕ್ ಮಾಡಿದಾನೆ."

"ಹೋಟೆಲ್‌ಗೆ ಕರ್ಕೊಂಡು ಹೋಗಿದಾರೆ ಅಂದ್ರೆ..." ಅವಳ ದನಿಯಲ್ಲಿ ಎಷ್ಟೋ ತಿಂಗಳಿಂದ ಇಲ್ಲದ ಗೆಲುವು. "ಕೆಲಸ ಆಯ್ತಾ?"

"ಆಯ್ತು," ಎಂದ ಪದ್ಮನಾಭ.

ಅವಳು ಆಚೆಯ ಕೋಣೆಯಲ್ಲಿದ್ದ ನಿಹಾರಿಕಾಳನ್ನು ಕೂಗಿ ಸುದ್ದಿ ಹೇಳಿದಳು. ಆಮೇಲೆ, "ಕೋಡುಬಳೆ ಕೊಟ್ರಾ? ಗರಿಗರಿಯಾಗೇ ಇದ್ಯಾ?" ಎಂದು ಕೇಳಿದಳು.

ಅವನು ಆಗಷ್ಟೇ ಡಬ್ಬಿ ತೆರೆದು ಒಂದು ಬಾಯಿಗಿಟ್ಟಿದ್ದ. ಕಡಿದರೆ ಅವಳಿಗೆ ಸದ್ದು ಕೇಳಿಸುತ್ತದೆಂದು ಹೂಂ ಎಂದಷ್ಟೇ ಹೇಳಿ, ಅವಳು ಫೋನ್ ಇಡುವವರೆಗೂ ಅದನ್ನು ಹಾಗೆಯೇ ಬಾಯಲ್ಲಿಟ್ಟುಕೊಂಡು ಕೂತಿದ್ದ.