ನೂರಾ ಹತ್ತರಲ್ಲಿ ಏರಿದ ಜಿನದತ್ತರು

ಊಟದ ಬಿಡುವಿನಲ್ಲಿ ನಾನು ಮೂರನೇ ಸಲ ಸುಟ್ಟು ಸಾಯುತ್ತಿದ್ದೆ. ಒಂದರ ಮೇಲೊಂದು ಎರಡು ಜೊತೆ ರೆಕ್ಕೆಯ ಹಳೇ ಯುದ್ಧವಿಮಾನ. ಬಟ್ಟೆ ಹೊದಿಸಿದ ರೆಕ್ಕೆಗೆ ಬೆಂಕಿ ಹತ್ತಿ, ಟ್ಯಾಂಕ್ ಸಿಡಿದು, ಕೋಟು ಉರಿಯುತ್ತಿರುವ ಪೈಲಟ್ ಸಮೇತ ನೆಲಕ್ಕಪ್ಪಳಿಸಿತು. ಚನ್ನರಾಯಪಟ್ಟಣದ ಜೆರಾಕ್ಸ್ ಅಂಗಡಿಯಲ್ಲಿ ಸಂಬಳಕ್ಕಿರುವ ನಾನು ಎರಡು ವರ್ಷದಿಂದ ಕಂಪ್ಯೂಟರಿನಲ್ಲಿ ಈ ಆಟ ಆಡುತ್ತಿದ್ದೇನೆ. ಇದುವರೆಗೆ ಒಬ್ಬನನ್ನೂ ಕೊಂದಿಲ್ಲ. ಪ್ರಯತ್ನ ಸಾಲದೆ ಅಲ್ಲ.

"ಲೋ, ಗಾಡೀನ ಅಂಗಾ ಏರ್ಸಾದು?"

ಕೇಳಿದವರು ಜಿನದತ್ತರು, ಪಿಂಚಣಿ ಕಾಗದ ಹಿಡಿದು ಬಂದಿದ್ದ ನಿವೃತ್ತ ಬಸ್ ಡ್ರೈವರ್. ಇಪ್ಪತ್ತೆಂಟು ವರ್ಷ ಶಿರಾಡಿ ಘಾಟಿ ಹತ್ತಿಸಿದವರು. ಅಳಿಲು ಅಡ್ಡ ಬಂದರೂ ಬ್ರೇಕ್ ಒತ್ತಿ ಪ್ರಯಾಣಿಕರಿಂದ ಬೈಸಿಕೊಂಡ ಜೈನರು.

"ಮೂತಿ ಎತ್ತಿದ್ರೆ ಬೇಗ ಏರ್ತದೆ ಸಾ," ಅಂದೆ.

"ಎಲ್ ಏರ್ತು? ಉಸ್ರು ಕಟ್ಟಿ ನಿಂತ್ಕೊಂತು. ಅವ್ನು ಬಂದು ಸುಟ್ಟಾಕ್ಬುಟ್ಟ. ಏರು ಅತ್ಸುವಾಗ ಇಂಜಿನ್ ಮಾತು ಕೇಳ್ಬೇಕು ಕಣಪ್ಪ."

ಮರುದಿನದಿಂದ ಅವರೇ ಬಂದು ಆಟಕ್ಕೆ ಕೂತರು. ಒಂದೇ ಷರತ್ತು: ಆಟದಲ್ಲೂ ಯಾರನ್ನೂ ಕೊಲ್ಲುವುದಿಲ್ಲ. ಕೊಲ್ಲದವನು ಉಳಿಯಬೇಕಾದರೆ ಎಲ್ಲರಿಗಿಂತ ಬೇಗ ಮೇಲೆ ಹೋಗಬೇಕು. ಅದಕ್ಕೆ ಸರಿಯಾದ ವೇಗ ಯಾವುದೆಂದು ಹುಡುಕತೊಡಗಿದರು. ಇಂಜಿನ್ನಿಗೆ ಪೂರ್ತಿ ಶಕ್ತಿ ಕೊಟ್ಟು, ವೇಗದ ಮುಳ್ಳು ಅಲುಗದಂತೆ ಮೂತಿ ಹಿಡಿದು, ಇನ್ನೂರು ಮೀಟರಿನಿಂದ ಸಾವಿರಕ್ಕೆ ಎಷ್ಟು ಹೊತ್ತೆಂದು ಕೈಗಡಿಯಾರ ನೋಡುವರು. ಗಂಟೆಗೆ ತೊಂಬತ್ತು ಕಿಲೋಮೀಟರಿನಲ್ಲಿ ಐದು ನಿಮಿಷ. ನೂರರಲ್ಲಿ ನಾಲ್ಕು. ನೂರಾ ಹತ್ತರಲ್ಲಿ ಮೂರೂವರೆ. ನೂರಿಪ್ಪತ್ತಕ್ಕೆ ಮತ್ತೆ ನಾಲ್ಕು ದಾಟಿತು.

"ನೂರಾ ಹತ್ತು. ಇನ್ನು ಯಾರ ಕೈಗೂ ಸಿಗಲ್ಲ," ಅಂದರು.

ಭಾನುವಾರ, ಅರಕಲಗೂಡಿನಿಂದ ಆನ್‌ಲೈನಿನಲ್ಲಿ ಇದೇ ಆಟ ಆಡುವ ಮೋಹನ್‌ಕುಮಾರ್ ಪಂದ್ಯಕ್ಕೆ ಕರೆದ. ನಾನೂ ಜಿನದತ್ತರೂ ಅಂಗಡಿಯ ಎರಡು ಕಂಪ್ಯೂಟರಿಗೆ ಕೂತೆವು. "ನಿಮ್ಮಿಬ್ರಿಗೂ ನಾನೊಬ್ನೇ ಸಾಕು ಕಣ್ಲಾ!" ಎಂದು ಹೆಡ್‌ಫೋನಿನಲ್ಲಿ ಕೂಗಿದ. ನನಗಂತೂ ಸಾಕಾದ. ಮೊದಲ ನಿಮಿಷದಲ್ಲೇ ಗುಂಡುಗಳು ನನ್ನ ಬೆನ್ನು ಸೀಳಿ ಮುಂದಿನ ಗಾಜಿಗೆ ರಕ್ತ ಎರಚಿದವು. ರೆಕ್ಕೆ ಕಿತ್ತುಹೋಗಿ ವಿಮಾನ ಹೊತ್ತಿ ಉರಿಯಿತು.

"ಲೇ ಅರುಣ, ಒಣಗಿದ್ ಗರಿ ಉರಿದಂಗೆ ಉರುದ್ಬುಟ್ಯಲ್ಲೋ! ಎಲ್ಲವ್ರೆ ನಿಮ್ ಡ್ರೈವರ್ರು?" ಎಂದು ಅವನು ನಕ್ಕ.

ಡ್ರೈವರ್ರು ಆಗಷ್ಟೇ ನೆಲ ಬಿಟ್ಟಿದ್ದರು. ಅವನು ಅವರ ಬೆನ್ನು ಹತ್ತಿದ. ಗುಂಡಿನ ಮಳೆಗೆ ಅವರ ಕೆಳರೆಕ್ಕೆ ಚಿಂದಿಯಾಯಿತು, ರೆಕ್ಕೆಗಳನ್ನು ಬಿಗಿದ ಕಂಬಿ ಕಡಿದು ನೇತಾಡಿತು.

"ತಿರುಗ್ಸಿ ಒಡೀರಿ ಸಾ!" ಎಂದು ಕಿರುಚಿದೆ.

ಅವರು ತಿರುಗಲಿಲ್ಲ. ಮುಳ್ಳು ನೂರಾ ಹತ್ತರಲ್ಲೇ ಇತ್ತು. ಅಂಗುಲ ಅಂಗುಲವಾಗಿ ಮೇಲೇರಿದರು. ಗುರಿ ಕೈತಪ್ಪುವ ಸಿಟ್ಟಿಗೆ ಮೋಹನ್‌ಕುಮಾರ್ ಮೂತಿಯನ್ನು ನೆಟ್ಟಗೆ ಎತ್ತಿ ಗುಂಡು ಸುರಿದ. ಅವನ ವಿಮಾನ ಗಾಳಿಯಲ್ಲೇ ನಿಂತಿತು. ಒಂದು ಪಕ್ಕಕ್ಕೆ ವಾಲಿ, ಗಿರಗಿರನೆ ಸುತ್ತಿ, ನೆಲಕ್ಕೆ ಬಡಿದು ಸಿಡಿಯಿತು. ಮುರಿದ ದೇಹ ಬೆಂಕಿಯೊಳಗೆ ಜೋತುಬಿದ್ದಿತ್ತು.

ಪರದೆಯಲ್ಲಿ ಜಿನದತ್ತರ ಹೆಸರಿನ ಮುಂದೆ, ಕೊಂದ ಶತ್ರುಗಳ ಸಂಖ್ಯೆ ಒಂದು ಎಂದು ಬಂತು. ಎದುರಾಳಿ ತಾನೇ ಬಿದ್ದರೂ ಆಟ ಅದನ್ನು ನಮ್ಮ ಲೆಕ್ಕಕ್ಕೇ ಹಾಕುತ್ತದೆ. ನಾನು ಕುಣಿದೆ. ಅವರು ಹೆಡ್‌ಫೋನ್ ತೆಗೆದಿಟ್ಟರು.

"ಅದ್ನ ಅಳ್ಸಾಕಾಯ್ತದಾ?"

"ನೀವು ಒಂದ್ ಗುಂಡೂ ಆರ್ಸಿಲ್ವಲ್ಲಾ ಸಾ. ಅವ್ನೇ ಬಿದ್ದ."

"ನಿನ್ನಂಗೆ ಮೂತಿ ಎತ್ತೇ ಎತ್ತಾನೆ ಅಂತ ನಂಗೊತ್ತಿತ್ತು ಕಣಪ್ಪ. ಕಾಯ್ತಿದ್ದೆ. ಬಿದ್ದಾಗ ಖುಷೀನೂ ಆಯ್ತು."

ಸೋಮವಾರ ಅವರು ನೀರೂ ಮುಟ್ಟದೆ ಉಪವಾಸ ಕೂತರೆಂದು ಅವರ ಮಗಳು ಪದ್ಮಶ್ರೀ ಫೋನ್ ಮಾಡಿ ನನ್ನನ್ನು ಬೈದಳು. ಮಂಗಳವಾರ ಜಿನದತ್ತರು ಅಂಗಡಿಗೆ ಬಂದು ಮೋಹನ್‌ಕುಮಾರನ ನಂಬರ್ ಕೇಳಿದರು.

"ಏರ್ವಾಗ ನೂರಾ ಹತ್ತು ಇಡ್ಕೊ ಕಣಪ್ಪ. ಅದ್ಕಿಂತ ಕೆಳಕ್ಕೆ ಬಿಡ್ಬ್ಯಾಡ, ಸತ್ತೋಯ್ತೀಯ," ಎಂದು ಅವನಿಗೆ ಎರಡೆರಡು ಸಲ ಹೇಳಿದರು.

ಹೇಳಿದ್ದನ್ನು ಕೇಳುವ ಹುಡುಗ ಅವನು. ಈಗ ನನ್ನನ್ನು ಮೇಲಿನಿಂದ ಬಂದು ಕೊಲ್ಲುತ್ತಾನೆ.