ಡೈನೋಸಾರ್ ಬಾಲ ಎತ್ತಿದ ಭಾನುವಾರ

ಇಪ್ಪತ್ತೆಂಟು ವರ್ಷ ನಾನು ಡೈನೋಸಾರ್‌ಗಳ ಬಾಲವನ್ನು ನೆಲಕ್ಕೆ ತಾಗಿಸಿಯೇ ಬರೆದೆ. ಹನುಮಂತನಗರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ ಆಗಿದ್ದೆ. ಹಸಿರು ಸೀಮೆಸುಣ್ಣ ಹಿಡಿದೆನೆಂದರೆ ನನ್ನ ಪ್ರಾಣಿ ನೆಟ್ಟಗೆ ನಿಂತು, ಒದ್ದೆ ಸೀರೆಯ ಸೆರಗಿನಂತೆ ಬಾಲವನ್ನು ಹಿಂದೆ ಎಳೆದುಕೊಂಡು ಹೋಗುತ್ತಿತ್ತು. ಬಾಲ ಎತ್ತಿ ಬರೆದ ಮಕ್ಕಳ ಪುಸ್ತಕದಲ್ಲಿ ಕೆಂಪು ಪೆನ್ನಿನಿಂದ ಸುತ್ತು ಹಾಕಿದ್ದೂ ಉಂಟು.

ಈಗ ನಿವೃತ್ತಳಾಗಿ ಪದ್ಮನಾಭನಗರದಲ್ಲಿದ್ದೇನೆ. ನಮ್ಮ ಬಡಾವಣೆಯ ಸಂಘದ ಹಾಲಿನಲ್ಲಿ ಭಾನುವಾರ ಬೆಳಿಗ್ಗೆ, ಎಲ್ಲರ ತಿಂಡಿಯಾದ ಮೇಲೆ, ಪ್ರಾಚೀನ ಜೀವಿಗಳ ಸಾಕ್ಷ್ಯಚಿತ್ರ ಸರಣಿಯೊಂದನ್ನು ಗೋಡೆಯ ಮೇಲೆ ತೋರಿಸುತ್ತಾರೆ. ಮುಗಿದ ಮೇಲೆ ನಾನು ಐದು ನಿಮಿಷ ಮಾತಾಡಬೇಕು. ನಿವೃತ್ತಿಯ ನಂತರ ನನಗೆ ಉಳಿದಿರುವ ಕ್ಲಾಸು ಅದೊಂದೇ, ಅದನ್ನು ಕಳೆದುಕೊಳ್ಳುವ ಭಯ ನನಗಿದೆ. ಕಾರ್ಯದರ್ಶಿ ರಂಗಪ್ಪನವರಿಗೂ ಅದು ಗೊತ್ತು. ಅವರ ತಂದೆ ರಾಗಿ ಬೆಳೆದ ಹೊಲದಲ್ಲಿ ಇವರು ಬಾಡಿಗೆ ಮನೆಗಳನ್ನು ಬೆಳೆದಿದ್ದಾರೆ.

"ಮೇಡಂ, ಬರೀ ಒಳ್ಳೇದು ಹೇಳಿ. ತಪ್ಪು ಗಿಪ್ಪು ಅಂದ್ರೆ ಜನ ಎದ್ದು ಹೋಗ್ತಾರೆ. ಕಷ್ಟಪಟ್ಟು ಕೂರ್ಸಿದೀನಿ" ಎಂದರು.

ಒಳ್ಳೆಯದು ಹೇಳಲು ನಾನೇನೂ ಜಿಪುಣಿಯಲ್ಲ. ಮೊಟ್ಟೆಗಳ ಮೇಲೆ ತೋಳು ಹರಡಿ ಕೂತ ಒಂದು ತಾಯಿ ಡೈನೋಸಾರನ್ನು ತೋರಿಸಿದರು. ಮೊಟ್ಟೆಗಳ ಪಕ್ಕದಲ್ಲಿ ಮೂಳೆ ಸಿಕ್ಕಿತೆಂದು ಆ ಜಾತಿಗೇ ಮೊಟ್ಟೆಗಳ್ಳ ಎಂಬ ಹೆಸರಿಟ್ಟಿದ್ದರು, ಆಮೇಲೆ ನೋಡಿದರೆ ಅವು ಅದರದೇ ಮೊಟ್ಟೆಗಳು. ನನಗೆ ಕಣ್ಣು ತುಂಬಿತು. ಇನ್ನು ಬಾಲಗಳೋ, ಎಲ್ಲವೂ ಗಾಳಿಯಲ್ಲಿ! ನನ್ನ ಹಸಿರು ಸೀಮೆಸುಣ್ಣದ ನೆನಪಾಗಿ ಸೀಟಿನಲ್ಲೇ ಕುಗ್ಗಿದೆ.

ಆದರೆ ಈ ಸರಣಿಯ ಪ್ರಾಣಿಗಳಿಗೆ ಒಂದು ಕ್ಷಣವೂ ಪುರಸೊತ್ತಿಲ್ಲ. ತಿನ್ನಬೇಕು, ಇಲ್ಲವೇ ತಿನ್ನಿಸಿಕೊಳ್ಳಬೇಕು. ನಮ್ಮ ಬಸ್ ಸ್ಟಾಪಿನ ನೆರಳಲ್ಲಿ ಮಲಗುವ ಹಸುವಿನ ಹಾಗೆ ಅವೂ ಅರ್ಧ ದಿನ ಬಿದ್ದುಕೊಂಡಿರುತ್ತಿದ್ದವು ಎಂದು ನನ್ನ ಗುಮಾನಿ. ವಿವರಣೆ ಕೊಡುವವರ ಆ ಗಂಭೀರ ಧ್ವನಿಯಂತೂ ಚರ್ಮದ ಬಣ್ಣ, ಗಂಟಲ ಗರ್ಜನೆ, ಗಂಡಿನ ಕುಣಿತ ಎಲ್ಲವನ್ನೂ ಪಕ್ಕದಲ್ಲೇ ನಿಂತು ನೋಡಿದವರ ಹಾಗೆ ಹೇಳುತ್ತದೆ. ಇಷ್ಟು ಮೂಳೆಯಿಂದ ತಿಳಿದದ್ದು, ಇಷ್ಟು ನಮ್ಮ ಊಹೆ ಎಂದು ಗೆರೆ ಹಾಕುವುದಿಲ್ಲ. ಹಿಂದೆ ನಾವೂ ಬಾಲವನ್ನು ನೆಲಕ್ಕೆ ತಾಗಿಸಿ ತಪ್ಪು ಮಾಡಿದ್ದೆವು ಎಂದೂ ಒಪ್ಪಿಕೊಳ್ಳುವುದಿಲ್ಲ. ಲಾಲ್‌ಬಾಗಿನ ಬಂಡೆ ಇವೆಲ್ಲಕ್ಕಿಂತ ಎಷ್ಟೋ ಹಳೆಯದು, ಈ ಸರಣಿ ಅದರ ಕಡೆ ತಿರುಗಿಯೂ ನೋಡಿಲ್ಲ.

ಮೂರನೆಯ ಭಾನುವಾರ ಇದನ್ನೆಲ್ಲ ಮೈಕಿನಲ್ಲೇ ಹೇಳಿಬಿಟ್ಟೆ. ರಂಗಪ್ಪನವರು ಕೆಕ್ಕರಿಸಿ ನೋಡಿದರು.

"ಸಾಕು ಮೇಡಂ, ಮೈಕ್ ಕೊಡಿ."

"ಕೊಡಲ್ಲ. ಇನ್ನೂ ಎರಡು ನಿಮಿಷ ಇದೆ" ಎಂದೆ. ಮೈಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ.

ಆಗ ಹಿಂದಿನ ಸಾಲಿನಿಂದ ಸವಿತಾ ಎದ್ದಳು. ನನ್ನ ಹಳೆಯ ವಿದ್ಯಾರ್ಥಿನಿ, ಈಗ ನಮ್ಮ ರಸ್ತೆಯಲ್ಲೇ ಟೈಲರಿಂಗ್ ಅಂಗಡಿ ಇಟ್ಟಿದ್ದಾಳೆ.

"ಮಿಸ್, ನಾನು ಏಳನೇ ಬೆಂಚಲ್ಲಿ ಕೂತು ಬಾಲ ಎತ್ತೇ ಬರ್ದಿದ್ದೆ. ನೀವು ತಪ್ಪು ಅಂತ ರೌಂಡ್ ಹಾಕಿದ್ರಿ. ಯಾಕೆ ಎತ್ತಿದೀಯ ಅಂತ ಕೇಳ್ಲೇ ಇಲ್ಲ."

ಹಾಲಿನಲ್ಲಿದ್ದವರೆಲ್ಲ ನನ್ನತ್ತ ತಿರುಗಿದರು. "ಯಾಕಮ್ಮ ಎತ್ತಿದ್ದೆ?" ಎಂದು ಈಗ ಕೇಳಿದೆ.

"ದಿನಾ ನೆಲಕ್ಕೆ ಉಜ್ಜಿದ್ರೆ ತರಚ್ಕೊಳಲ್ವಾ ಮಿಸ್? ಸೆರಗೇ ಹರಿದೋಗುತ್ತೆ!"

ಎಲ್ಲರೂ ನಕ್ಕರು. ಕಲ್ಲಿನಲ್ಲಿ ಉಳಿದ ಹೆಜ್ಜೆಗುರುತುಗಳ ನಡುವೆ ಬಾಲ ಎಳೆದ ಗೀರು ಹೆಚ್ಚಾಗಿ ಕಾಣದ್ದನ್ನು ನೋಡಿ ವಿಜ್ಞಾನಿಗಳೂ ಕೊನೆಗೆ ಹೇಳಿದ್ದು ಅದನ್ನೇ, ಬಾಲ ನೆಲಕ್ಕೆ ತಾಗುತ್ತಿರಲಿಲ್ಲ ಎಂದು. ಆ ಹುಡುಗಿಯನ್ನು ಒಂದು ಮಾತು ಕೇಳಿದ್ದರೆ ನನಗೆ ಆಗಲೇ ಗೊತ್ತಾಗುತ್ತಿತ್ತು. ನಾಚಿಕೆಯಾಯಿತು. "ನೀನು ಬರೆದಿದ್ದು ಸರಿ ಸವಿತಾ, ನಾನು ಹೇಳಿದ್ದು ತಪ್ಪು" ಎಂದು ಮೈಕಿನಲ್ಲೇ ಹೇಳಿದೆ.

ತಪ್ಪು ಎಂದರೆ ಜನ ಎದ್ದು ಹೋಗುತ್ತಾರೆ ಎಂದಿದ್ದರಲ್ಲ ರಂಗಪ್ಪನವರು, ಯಾರೂ ಏಳಲಿಲ್ಲ. ಮುಂದಿನ ಭಾನುವಾರವೂ ನಾನು ಮಾತಾಡುತ್ತೇನೆ. ಮೈಕ್ ಕೊಡದಿದ್ದರೆ ಬೇಡ, ಕ್ಲಾಸಿನಲ್ಲಿ ಕೂಗಿ ಪಳಗಿದ ಗಂಟಲಿದೆ. ಕೆಂಪು ಪೆನ್ನನ್ನು ಮಾತ್ರ ಸವಿತಾಳ ಕೈಗೆ ಕೊಟ್ಟಿದ್ದೇನೆ.